‘ಅಪ್ಪನ ರಕ್ತ’ ಅಂತ ಕೈಬಿಡಬೇಡಿ: ವಂಶವಾಹಿ, ಹಾರ್ಮೋನು ಮತ್ತು ಯುವಜನರ ಸಿಟ್ಟು

(ಸ್ವಸಹಾಯ ಸಂಘಗಳ ಸದಸ್ಯರು ಹಾಗೂ ಯುವಜನರ ತಾಲೂಕು ಮಟ್ಟದ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಇವತ್ತಿನ ವಿಷಯ ಕೇಳಿದ ಕೂಡಲೇ ಕೆಲವರು, ‘ಜೀನು, ಹಾರ್ಮೋನು ಇದೆಲ್ಲ ಡಾಕ್ಟರುಗಳ ವಿಷಯ, ನಮಗ್ಯಾಕೆ?’ ಅಂತ ಅಂದುಕೊಂಡಿರಬಹುದು. ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. ಆದರೆ ಒಬ್ಬ ತಾಯಿ ಕೇಳಿದ ಪ್ರಶ್ನೆ ನಮ್ಮನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ನಮ್ಮ ಕಾರ್ಯಕರ್ತೆಯರು ಮನೆ ಭೇಟಿಗೆ ಹೋದಾಗ ಆ ತಾಯಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಿದ್ದರು. ಮೊದಲು ‘ಬಚ್ಚಲಲ್ಲಿ ಜಾರಿ ಬಿದ್ದೆ’ ಅಂದರು. ಚಹಾ ಕುಡಿದು ಏಳುವ ಹೊತ್ತಿಗೆ ನಿಜ ಹೊರಗೆ ಬಂತು. ಇಪ್ಪತ್ತು ವರ್ಷದ ಮಗ ತಳ್ಳಿದ್ದ. ಮೊಬೈಲಿಗೆ ದುಡ್ಡು ಕೇಳಿದ, ಇಲ್ಲ ಅಂದರು, ಅಷ್ಟೇ ಕಾರಣ. ಗಂಡ ತೀರಿಹೋಗಿ ಆರು ವರ್ಷ. ಆತ ಬದುಕಿದ್ದಾಗ ಕುಡಿದು ಬಂದು ಹೆಂಡತಿ ಮಕ್ಕಳನ್ನು ಹೊಡೆಯುತ್ತಿದ್ದ.

ಆ ತಾಯಿ ಕೇಳಿದ್ದು ಇಷ್ಟು: ‘ಅಪ್ಪನ ರಕ್ತ ಅಲ್ವಾ, ಇವನೂ ಹಾಗೇ ಆಗ್ತಾನಾ? ನಾಳೆ ಯಾರಾದ್ರೂ ಹೆಣ್ಣು ಕೊಟ್ರೆ ಆ ಹುಡುಗಿ ಗತಿ ಏನು?’

ಆಶ್ಚರ್ಯ ಏನೆಂದರೆ, ಆಮೇಲೆ ಮಗನ ಹತ್ತಿರ ಮಾತಾಡಿದಾಗ ಅವನು ಹೇಳಿದ್ದೂ ಅದನ್ನೇ. ‘ನನ್ನ ಗುಣನೇ ಹಾಗೆ. ಸಿಟ್ಟು ಬಂದ್ರೆ ನನ್ನ ಕೈಯಲ್ಲಿ ಇರಲ್ಲ. ನಮ್ಮಪ್ಪನೂ ಹಾಗೇ ಇದ್ದ.’ ಒಂದೇ ಮಾತು. ತಾಯಿಯ ಬಾಯಲ್ಲಿ ಅದು ಹತಾಶೆ, ಮಗನ ಬಾಯಲ್ಲಿ ಅದು ನೆಪ. ಇಬ್ಬರೂ ಅದನ್ನು ನಂಬಿದ್ದರು. ಆ ದಿನ ನಮ್ಮ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ತಿಳಿದವರನ್ನು ಕೇಳಿ, ಓದಿ, ಅರ್ಥ ಮಾಡಿಕೊಂಡದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ವಂಶವಾಹಿ ಎಂದರೆ ಹಣೆಬರಹವೇ?

ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದೊಳಗೆ ತಂದೆ ತಾಯಿ ಇಬ್ಬರಿಂದಲೂ ಬಂದ ಬರಹ ಇರುತ್ತದೆ. ಅದರ ಒಂದೊಂದು ಭಾಗಕ್ಕೆ ವಂಶವಾಹಿ ಅಥವಾ ಜೀನ್ ಅನ್ನುತ್ತೇವೆ. ಕಣ್ಣಿನ ಬಣ್ಣ, ರಕ್ತದ ಗುಂಪು ಹೀಗೆ ಅನೇಕ ಸಂಗತಿಗಳು ಅದರಿಂದ ಬರುತ್ತವೆ. ಸರಿ, ಸಿಟ್ಟು?

ಸಿಟ್ಟಿಗೂ ವಂಶವಾಹಿಗೂ ಸಂಬಂಧ ಇಲ್ಲವೇ ಇಲ್ಲ ಅಂದರೆ ಅದು ಸುಳ್ಳು. ಅವಳಿ ಮಕ್ಕಳ ಮೇಲೆ, ದತ್ತು ಹೋದ ಮಕ್ಕಳ ಮೇಲೆ ಹಲವು ದೇಶಗಳಲ್ಲಿ ಅಧ್ಯಯನ ನಡೆದಿದೆ. ಆಕ್ರಮಣಕಾರಿ ನಡತೆಯಲ್ಲಿ ಮನುಷ್ಯರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟು ಭಾಗಕ್ಕೆ ವಂಶವಾಹಿಗಳು ಕಾರಣ ಅಂತ ಅವು ಹೇಳುತ್ತವೆ. ಆದರೆ ಇದನ್ನು ‘ಒಬ್ಬ ಹುಡುಗನ ಸಿಟ್ಟಿನಲ್ಲಿ ಅರ್ಧ ಅಪ್ಪನದು’ ಅಂತ ಓದಬಾರದು. ಇದು ಸಾವಿರಾರು ಜನರ ನಡುವಿನ ವ್ಯತ್ಯಾಸದ ಲೆಕ್ಕ, ಒಬ್ಬನ ಜಾತಕ ಅಲ್ಲ. ಉಳಿದ ಅರ್ಧ ಎಲ್ಲಿದೆ? ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ, ಗೆಳೆಯರ ಗುಂಪಿನಲ್ಲಿ ಇದೆ.

ಒಂದು ನಿಜವಾದ ಪ್ರಸಂಗ ಹೇಳುತ್ತೇವೆ. 1993ರಲ್ಲಿ ನೆದರ್ಲೆಂಡ್ಸ್ ದೇಶದ ಹಾನ್ಸ್ ಬ್ರೂನರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಒಂದು ದೊಡ್ಡ ಕುಟುಂಬದ ಬಗ್ಗೆ ವರದಿ ಮಾಡಿದರು. ಆ ಮನೆತನದ ಹಲವು ಗಂಡಸರಿಗೆ ಬುದ್ಧಿಶಕ್ತಿ ಸ್ವಲ್ಪ ಕಡಿಮೆ, ಜೊತೆಗೆ ತಡೆಯಲಾಗದ ಕೋಪ. ಪರೀಕ್ಷೆ ಮಾಡಿದಾಗ ಮಾವೋ-ಎ ಎಂಬ ಒಂದೇ ಒಂದು ವಂಶವಾಹಿಯಲ್ಲಿ ದೋಷ ಕಂಡಿತು. ಮೆದುಳಿನಲ್ಲಿ ಸಂದೇಶ ಸಾಗಿಸುವ ಸೆರೊಟೋನಿನ್ ಮೊದಲಾದ ರಸಗಳ ಕೆಲಸ ಮುಗಿದ ಮೇಲೆ ಅವನ್ನು ಒಡೆದು ಚೊಕ್ಕ ಮಾಡುವ ಕಿಣ್ವವೊಂದಿದೆ. ಅದನ್ನು ತಯಾರಿಸುವ ವಂಶವಾಹಿ ಇದು. ಆ ಗಂಡಸರಲ್ಲಿ ಆ ಕಿಣ್ವದ ಕೆಲಸ ಪೂರ್ತಿ ನಿಂತುಹೋಗಿತ್ತು. ಈ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲೆ ಇರುತ್ತದೆ. ಗಂಡಿಗೆ ಎಕ್ಸ್ ಒಂದೇ ಇರುವುದರಿಂದ ಅದು ಕೆಟ್ಟರೆ ಬದಲಿಗೆ ಇನ್ನೊಂದಿಲ್ಲ. ಹೆಣ್ಣಿಗೆ ಎರಡು ಇರುವುದರಿಂದ ಆ ಮನೆಯ ಹೆಂಗಸರಿಗೆ ತೊಂದರೆ ಕಾಣಲಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಗಂಡುಮಗುವಿಗೆ ಎಕ್ಸ್ ವರ್ಣತಂತು ಬರುವುದು ತಾಯಿಯಿಂದ, ತಂದೆಯಿಂದ ಅಲ್ಲ. ಅಂದರೆ ಇಡೀ ಪ್ರಪಂಚದಲ್ಲಿ ‘ಸಿಟ್ಟಿನ ಜೀನ್’ ಅಂತ ಅತಿ ಹೆಚ್ಚು ಹೆಸರಾದ ವಂಶವಾಹಿ ಅಪ್ಪನಿಂದ ಮಗನಿಗೆ ಬರುವುದೇ ಇಲ್ಲ! ‘ಅಪ್ಪನ ರಕ್ತ’ ಅನ್ನುವ ಮಾತು ಎಷ್ಟು ಸಡಿಲ ಅಂತ ಇದರಿಂದಲೇ ಗೊತ್ತಾಗುತ್ತದೆ. ಹಾಗಂತ ತಾಯಂದಿರನ್ನು ದೂರಲು ಹೊರಡಬೇಡಿ. ಬ್ರೂನರ್ ಕಂಡ ದೋಷ ತೀರ ಅಪರೂಪದ್ದು. ಅದಾದ ಮೇಲೆ ಪ್ರಪಂಚದಲ್ಲಿ ಕೆಲವೇ ಕೆಲವು ಕುಟುಂಬಗಳಲ್ಲಿ ಕಂಡುಬಂದಿದೆ. ನಿಮ್ಮ ಮಗನ ಕೋಪಕ್ಕೆ ಅದೇ ಕಾರಣ ಆಗಿರುವ ಸಾಧ್ಯತೆ ಇಲ್ಲ ಅನ್ನುವಷ್ಟು ಕಡಿಮೆ.

ಡುನೆಡಿನ್ ಊರಿನ ಮಕ್ಕಳು ಹೇಳಿದ ಪಾಠ

ದಕ್ಷಿಣದ ತುದಿಯಲ್ಲಿರುವ ನ್ಯೂಜಿಲೆಂಡ್ ದೇಶದಲ್ಲಿ ಡುನೆಡಿನ್ ಅಂತ ಒಂದು ಊರು. ಅಲ್ಲಿ 1972-73ರಲ್ಲಿ ಹುಟ್ಟಿದ 1037 ಮಕ್ಕಳನ್ನು ಸಂಶೋಧಕರು ಮೂರನೆಯ ವಯಸ್ಸಿನಿಂದ ಹಿಡಿದು ದೊಡ್ಡವರಾಗುವ ತನಕ ಬಿಡದೆ ಗಮನಿಸುತ್ತಾ ಬಂದರು. ಯಾವ ಮನೆಯಲ್ಲಿ ಮಗು ಏಟು ತಿಂದಿತು, ಯಾವ ಮಗುವನ್ನು ತಾಯಿತಂದೆ ದೂರ ತಳ್ಳಿದರು, ಯಾರು ಮುಂದೆ ಪೊಲೀಸ್ ಕೇಸಿಗೆ ಸಿಕ್ಕಿದರು, ಎಲ್ಲ ಬರೆದಿಟ್ಟರು.

2002ರಲ್ಲಿ ಅವ್ಷಲೋಮ್ ಕ್ಯಾಸ್ಪಿ, ಟೆರ್ರಿ ಮಾಫಿಟ್ ಮತ್ತು ಜೊತೆಗಾರರು ಆ ಊರಿನ ಗಂಡುಮಕ್ಕಳ ಮಾವೋ-ಎ ವಂಶವಾಹಿಯನ್ನೂ ಈ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಈ ವಂಶವಾಹಿ ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ. ನಿಧಾನದ್ದು ಏನೂ ಅಪರೂಪವಲ್ಲ, ಅಲ್ಲಿನ ಗಂಡಸರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇತ್ತು. ಫಲಿತಾಂಶ ಏನು ಬಂತು ಗೊತ್ತಾ? ನಿಧಾನದ ವಂಶವಾಹಿ ಇದ್ದೂ ಪ್ರೀತಿಯಿಂದ ಬೆಳೆದ ಹುಡುಗರು ಬೇರೆಯವರಿಗಿಂತ ಹೆಚ್ಚು ಕ್ರೂರಿಗಳಾಗಲಿಲ್ಲ. ನಿಧಾನದ ವಂಶವಾಹಿಯೂ ಇದ್ದು, ಚಿಕ್ಕಂದಿನಲ್ಲಿ ಹಿಂಸೆಯನ್ನೂ ಅನುಭವಿಸಿದ ಹುಡುಗರು ಒಟ್ಟು ಹುಡುಗರಲ್ಲಿ ನೂರಕ್ಕೆ 12 ಮಾತ್ರ. ಆದರೆ ಹಿಂಸೆಯ ಅಪರಾಧಕ್ಕಾಗಿ ಆದ ಶಿಕ್ಷೆಗಳಲ್ಲಿ ನೂರಕ್ಕೆ 44 ಅವರದೇ ಆಗಿತ್ತು.

ನಮ್ಮ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಬೀಜದ ಗುಣ ಒಂದು, ನೆಲದ ಗುಣ ಒಂದು. ಕೆಲವು ಬೀಜಕ್ಕೆ ಯಾವ ನೆಲವಾದರೂ ನಡೆಯುತ್ತದೆ. ಕೆಲವಕ್ಕೆ ನೆಲ ಕೆಟ್ಟರೆ ಬೆಳೆ ಪೂರ್ತಿ ಕೆಡುತ್ತದೆ. ಆದರೆ ಬೀಜ ಒಂದೇ ಯಾವತ್ತೂ ತೀರ್ಮಾನ ಮಾಡುವುದಿಲ್ಲ. ಆಮೇಲೆ ಬೇರೆ ಕಡೆ ನಡೆದ ಅಧ್ಯಯನಗಳೆಲ್ಲ ಇದೇ ಉತ್ತರ ಕೊಟ್ಟಿಲ್ಲ. ಆದರೂ ಹಲವಾರು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಗಂಡುಮಕ್ಕಳ ಮಟ್ಟಿಗೆ ಈ ಸಂಬಂಧ ಉಳಿದುಕೊಂಡಿದೆ. ಜೊತೆಗೆ, ನಡತೆಯ ಹಿಂದೆ ಒಂದಲ್ಲ ಎರಡಲ್ಲ, ಚಿಕ್ಕ ಚಿಕ್ಕ ಪ್ರಭಾವ ಬೀರುವ ಲೆಕ್ಕವಿಲ್ಲದಷ್ಟು ವಂಶವಾಹಿಗಳು ಇವೆ ಅನ್ನುವುದು ಈಗ ಸ್ಪಷ್ಟವಾಗಿದೆ. ಒಂದು ರಕ್ತ ಪರೀಕ್ಷೆ ಮಾಡಿ ‘ಇವನು ರೌಡಿ ಆಗ್ತಾನೆ’ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ.

ಹಣೆಪಟ್ಟಿ ಹಚ್ಚಿ ಮಾಡಿದ ಅನ್ಯಾಯ

‘ರಕ್ತದಲ್ಲೇ ಇದೆ’ ಅನ್ನುವ ಮಾತಿನಿಂದ ಎಷ್ಟು ಅನ್ಯಾಯ ಆಗಿದೆ ಅನ್ನುವುದಕ್ಕೆ ಎರಡು ಉದಾಹರಣೆ.

1965ರಲ್ಲಿ ಸ್ಕಾಟ್ಲೆಂಡಿನ ಕಾವಲಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ನಡೆಸಿದಾಗ, ಕೆಲವು ರೋಗಿಗಳಿಗೆ ಒಂದು ವೈ ವರ್ಣತಂತು ಹೆಚ್ಚಿಗೆ ಇರುವುದು ಕಂಡುಬಂತು. ಗಂಡಸಿಗೆ ಒಂದು ಎಕ್ಸ್, ಒಂದು ವೈ ಇರಬೇಕು. ಇವರಿಗೆ ಎರಡು ವೈ. ಸರಿ, ಪತ್ರಿಕೆಗಳು ‘ಅಪರಾಧದ ವರ್ಣತಂತು ಸಿಕ್ಕಿತು’ ಅಂತ ಬರೆದವು. ಅಮೆರಿಕದ ಷಿಕಾಗೋದಲ್ಲಿ 1966ರಲ್ಲಿ ಎಂಟು ಮಂದಿ ನರ್ಸಿಂಗ್ ಯುವತಿಯರನ್ನು ಕೊಂದ ರಿಚರ್ಡ್ ಸ್ಪೆಕ್ ಎಂಬವನಿಗೂ ಎರಡು ವೈ ಇದೆ ಅಂತ ಸುದ್ದಿ ಹಬ್ಬಿತು. ಪರೀಕ್ಷೆ ಮಾಡಿ ನೋಡಿದರೆ ಅವನಿಗೆ ಎಲ್ಲರಂತೆ ಒಂದೇ ವೈ! 1976ರಲ್ಲಿ ಡೆನ್ಮಾರ್ಕಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಎತ್ತರದ ಗಂಡಸರನ್ನು ಪರೀಕ್ಷಿಸಿದ ವರದಿ ಬಂತು. ಎರಡು ವೈ ಇದ್ದವರು 12 ಜನ ಸಿಕ್ಕಿದರು. ಅವರಲ್ಲಿ ಕೆಲವರು ತಪ್ಪು ಮಾಡಿ ಶಿಕ್ಷೆ ಪಡೆದದ್ದು ನಿಜ, ಆದರೆ ಹೊಡೆದಾಟ, ಕೊಲೆಗೆ ಅವರು ಹೆಚ್ಚು ಒಲಿದವರು ಅನ್ನಲು ಆಧಾರ ಸಿಗಲಿಲ್ಲ. ಅಷ್ಟರಲ್ಲಿ ಹಣೆಪಟ್ಟಿ ಅಂಟಿ ಆಗಿತ್ತು.

ಎರಡನೆಯದು ನಮ್ಮ ನೆಲದ್ದೇ. 1871ರಲ್ಲಿ ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ ಅಂತ ತಂದಿತು. ಕೆಲವು ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರು ಅಂತ ಮೊಹರು ಒತ್ತಿದರು. ತೊಟ್ಟಿಲ ಕೂಸೂ ಅಪರಾಧಿ ಕುಲದ ಲೆಕ್ಕಕ್ಕೇ ಸೇರಿತು. ಪೊಲೀಸರ ಮುಂದೆ ಹಾಜರಿ ಹಾಕಬೇಕು, ಕೇಳದೆ ಊರು ಬಿಡುವ ಹಾಗಿಲ್ಲ. ಹುಬ್ಬಳ್ಳಿಯ ‘ಸೆಟ್ಲ್‌ಮೆಂಟ್’ ಬಡಾವಣೆಯ ಹೆಸರು ಆ ಕಾಲದ ನೆನಪು. ಸ್ವತಂತ್ರ ಭಾರತ 1952ರಲ್ಲಿ ಆ ಕಾಯ್ದೆಯನ್ನು ತೆಗೆದುಹಾಕಿತು. ಕಾಯ್ದೆ ಹೋಯಿತು, ಸಂಶಯದ ಕಣ್ಣು ಹೋಗಲು ಎಷ್ಟು ಕಾಲ ಬೇಕಾಯಿತು ಅಂತ ಆ ಸಮುದಾಯದ ಹಿರಿಯರನ್ನು ಕೇಳಿ, ಹೇಳುತ್ತಾರೆ. ಸರ್ಕಾರ ಇಡೀ ಸಮುದಾಯಕ್ಕೆ ಮಾಡಿದ್ದನ್ನೇ ನಾವು ನಮ್ಮ ಅಂಗಳದಲ್ಲಿ ಒಂದು ಮಗುವಿಗೆ ಮಾಡುತ್ತಿಲ್ಲವೇ? ‘ಹೋಗೋ, ನಿಮ್ಮಪ್ಪನ ಹಾಗೇ ನೀನು’ ಅಂತ ದಿನಕ್ಕೆ ಹತ್ತು ಸಲ ಅಂದರೆ ಆ ಮಗು ಬೇರೆ ಹೇಗೆ ಆಗಬೇಕು?

ಹಾರ್ಮೋನಿನ ಮೇಲೆ ತಪ್ಪು ಹೊರಿಸುವುದು

ಇನ್ನು ಹಾರ್ಮೋನಿಗೆ ಬರೋಣ. ‘ಬಿಸಿರಕ್ತದ ವಯಸ್ಸು, ಹಾರ್ಮೋನು ಜಾಸ್ತಿ, ಬಿಟ್ಬಿಡಿ’ ಅಂತ ಗಂಡುಮಕ್ಕಳ ವಿಷಯದಲ್ಲಿ ಹೇಳುತ್ತೇವೆ. ಹೆಣ್ಣುಮಗಳು ಧ್ವನಿ ಎತ್ತಿದರೆ ಮಾತ್ರ ಹಾಗೆ ಹೇಳುವುದಿಲ್ಲ!

ಹರೆಯಕ್ಕೆ ಬಂದ ಹುಡುಗನ ಮೈಯಲ್ಲಿ ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನು ಹಲವು ಪಟ್ಟು ಹೆಚ್ಚುತ್ತದೆ. ಮೀಸೆ ಬರುವುದು, ಧ್ವನಿ ಒಡೆಯುವುದು, ತೋಳು ಗಟ್ಟಿಯಾಗುವುದು ಇದರಿಂದಲೇ. ಹೆಣ್ಣುಮಕ್ಕಳಲ್ಲೂ ಇದು ಸ್ವಲ್ಪ ಇರುತ್ತದೆ. ಆದರೆ ‘ಇದು ಹೆಚ್ಚಿದ್ದವನು ಹೊಡೆಯುತ್ತಾನೆ, ಕಡಿಮೆ ಇದ್ದವನು ಸಾಧು’ ಅನ್ನುವ ಲೆಕ್ಕ ಸರಿಯಲ್ಲ. ಮನುಷ್ಯರಲ್ಲಿ ಈ ಎರಡರ ನಡುವಿನ ಸಂಬಂಧ ತೀರ ಸಡಿಲ ಅಂತ ಅಧ್ಯಯನಗಳು ತೋರಿಸಿವೆ. ಎಲ್ಲ ಹುಡುಗರಿಗೂ ಈ ಹಾರ್ಮೋನು ಬರುತ್ತದೆ, ಎಲ್ಲ ಹುಡುಗರೂ ತಾಯಿಯ ಮೇಲೆ ಕೈ ಎತ್ತುವುದಿಲ್ಲ, ಅಲ್ವಾ?

ಇನ್ನೂ ಒಂದು ವಿಶೇಷ ಇದೆ. ಹಾರ್ಮೋನು ನಮ್ಮನ್ನು ಆಡಿಸುತ್ತದೆ ಅಂತ ಮಾತ್ರ ನಾವು ತಿಳಿದಿದ್ದೇವೆ. ಆದರೆ ನಮ್ಮ ಬದುಕೂ ಹಾರ್ಮೋನನ್ನು ಆಡಿಸುತ್ತದೆ. 1994ರ ವಿಶ್ವಕಪ್ ಫುಟ್‌ಬಾಲಿನಲ್ಲಿ ಬ್ರೆಜಿಲ್ ತಂಡ ಇಟಲಿಯನ್ನು ಸೋಲಿಸಿತು. ಟಿವಿಯಲ್ಲಿ ನೋಡುತ್ತಿದ್ದ ಅಭಿಮಾನಿಗಳ ಜೊಲ್ಲನ್ನು ಪರೀಕ್ಷಿಸಿದಾಗ, ಗೆದ್ದ ಕಡೆಯವರಲ್ಲಿ ಟೆಸ್ಟೊಸ್ಟೆರೋನ್ ಏರಿತ್ತು, ಸೋತ ಕಡೆಯವರಲ್ಲಿ ಇಳಿದಿತ್ತು. ಆಡಿದವರು ಅವರಲ್ಲ, ಬರೀ ನೋಡಿದವರು!

1996ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಪ್ರಕಟವಾಯಿತು. ಕಾರಿಡಾರಿನಲ್ಲಿ ಒಬ್ಬ ವ್ಯಕ್ತಿ ಬೇಕೆಂದೇ ವಿದ್ಯಾರ್ಥಿಗಳಿಗೆ ಡಿಕ್ಕಿ ಹೊಡೆದು ಬೈದು ಹೋಗುತ್ತಿದ್ದ. ಉತ್ತರದ ರಾಜ್ಯಗಳಿಂದ ಬಂದ ಯುವಕರು ಹೆಚ್ಚಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ‘ಗಂಡಸಾದವನು ಅವಮಾನ ಸಹಿಸಬಾರದು’ ಅಂತ ಕಲಿತು ಬೆಳೆದ ದಕ್ಷಿಣದ ರಾಜ್ಯಗಳ ಯುವಕರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಮತ್ತು ಟೆಸ್ಟೊಸ್ಟೆರೋನ್ ಎರಡೂ ಏರಿದವು. ಬೈಗುಳ ಒಂದೇ. ರಕ್ತ ಬಿಸಿಯಾದದ್ದು ಕಲಿತ ಪಾಠದಿಂದ. ‘ನನ್ನ ಮರ್ಯಾದೆ ಹೋಯ್ತು, ನೋಡ್ಕೋತೀನಿ’ ಅನ್ನುವ ಮಾತು ನಮ್ಮ ಊರುಗಳಲ್ಲೂ ಹೊಸದಲ್ಲ. ಮರ್ಯಾದೆ ಎಲ್ಲಿದೆ ಅಂತ ಮಕ್ಕಳಿಗೆ ಹೇಳಿಕೊಡುವವರು ನಾವೇ.

ಸಂತೋಷದ ಸುದ್ದಿಯೂ ಒಂದಿದೆ. ಫಿಲಿಪ್ಪೀನ್ಸ್ ದೇಶದ ಸೆಬು ಎಂಬಲ್ಲಿ 624 ಯುವಕರನ್ನು 2005ರಿಂದ 2009ರ ತನಕ ಗಮನಿಸಿದರು. ಮದುವೆಯಾಗಿ ತಂದೆಯಾದವರಲ್ಲಿ ಟೆಸ್ಟೊಸ್ಟೆರೋನ್ ಚೆನ್ನಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಮಗುವನ್ನು ನೋಡಿಕೊಳ್ಳುತ್ತಿದ್ದವರಲ್ಲಿ, ಮಗುವನ್ನು ಮುಟ್ಟದ ತಂದೆಯರಿಗಿಂತ ಕಡಿಮೆ ಇತ್ತು. ಮಗುವನ್ನು ಎತ್ತಿಕೊಂಡು ಆಡಿಸುವ ಕೈಯ ಮಾತನ್ನು ಹಾರ್ಮೋನೂ ಕೇಳುತ್ತದೆ ಅಂತಾಯಿತು.

ಆಕ್ಸಿಲರೇಟರ್ ಮೊದಲು, ಬ್ರೇಕ್ ಆಮೇಲೆ

ಹಾಗಾದರೆ ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲೇ ಯಾಕೆ ಇಷ್ಟು ಜಗಳ? ಇದಕ್ಕೆ ಮೆದುಳಿನ ಬೆಳವಣಿಗೆಯಲ್ಲಿ ಒಂದು ಕಾರಣ ಇದೆ. ಭಯ, ಸಿಟ್ಟು, ಆಸೆಗಳನ್ನು ಎಬ್ಬಿಸುವ ಒಳಭಾಗ ಹರೆಯದಲ್ಲೇ ಚುರುಕಾಗುತ್ತದೆ. ‘ಸ್ವಲ್ಪ ತಾಳು, ಮುಂದೇನಾಗುತ್ತೆ ಯೋಚಿಸು’ ಅನ್ನುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಆಗುತ್ತದೆ. ಹೊಸ ಬೈಕಿಗೆ ಆಕ್ಸಿಲರೇಟರ್ ಮೊದಲು ಬಂತು, ಬ್ರೇಕ್ ಇನ್ನೂ ಕೂರಿಸುತ್ತಿದ್ದಾರೆ ಅಂದ ಹಾಗೆ. ಆದರೆ ಯುವಕರೇ, ಇದನ್ನು ರಜಾಚೀಟಿ ಅಂತ ಜೇಬಿಗೆ ಹಾಕಿಕೊಳ್ಳಬೇಡಿ. ಬ್ರೇಕ್ ಸಡಿಲ ಇದೆ ಅಂತ ಗೊತ್ತಿದ್ದವನು ಗಾಡಿಯನ್ನು ಇನ್ನೂ ನಿಧಾನ ಓಡಿಸಬೇಕು.

ಕೆನಡಾದ ಮಾಂಟ್ರಿಯಲ್‌ನಲ್ಲಿ ರಿಚರ್ಡ್ ಟ್ರೆಂಬ್ಲೆ ಎಂಬವರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಒಂದು ಸತ್ಯ ಕಂಡುಕೊಂಡರು. ಮನುಷ್ಯ ತನ್ನ ಜೀವನದಲ್ಲಿ ಅತಿ ಹೆಚ್ಚು ಹೊಡೆಯುವುದು, ಕಚ್ಚುವುದು, ತಳ್ಳುವುದು ಯಾವಾಗ? ಎರಡರಿಂದ ನಾಲ್ಕು ವರ್ಷದ ಒಳಗೆ! ಆಮೇಲೆ ಹೆಚ್ಚಿನ ಮಕ್ಕಳಲ್ಲಿ ಇದು ಇಳಿಯುತ್ತಾ ಹೋಗುತ್ತದೆ. ಹೊಡೆಯುವುದನ್ನು ಮಗು ಕಲಿಯಬೇಕಾಗಿಲ್ಲ, ಹೊಡೆಯದೆ ಇರುವುದನ್ನು ಕಲಿಯಬೇಕು. ಕಲಿಸಬೇಕಾದವರೇ ಕೋಲು ಹಿಡಿದು ನಿಂತರೆ ಪಾಠ ಎಲ್ಲಿಂದ ಬರಬೇಕು?

ಟೆರ್ರಿ ಮಾಫಿಟ್ ಅವರು 1993ರಲ್ಲಿ ಇನ್ನೊಂದು ಮುಖ್ಯ ಮಾತು ಹೇಳಿದರು. ಹರೆಯದಲ್ಲಿ ದಾರಿ ತಪ್ಪುವವರಲ್ಲಿ ಎರಡು ಬಗೆ. ಹೆಚ್ಚಿನವರು ಹರೆಯದಲ್ಲಿ ಶುರು ಮಾಡಿ, ಕೆಲಸ, ಸಂಸಾರ ಅಂತ ಆದ ಮೇಲೆ ತಾವಾಗಿ ಸರಿಹೋಗುತ್ತಾರೆ. ಚಿಕ್ಕ ಗುಂಪೊಂದು ಮಾತ್ರ ಬಾಲ್ಯದಿಂದಲೇ ಶುರುವಾಗಿ ಮುಂದುವರಿಯುತ್ತದೆ. ಆದ್ದರಿಂದ ಐದಾರು ವರ್ಷದ ಮಗು ಎಲ್ಲ ಕಡೆ, ಎಲ್ಲರ ಜೊತೆ, ಸದಾ ಹೊಡೆದಾಡುತ್ತಿದ್ದರೆ ‘ದೊಡ್ಡವನಾದ ಮೇಲೆ ಸರಿಹೋಗ್ತಾನೆ’ ಅಂತ ಕಾಯಬೇಡಿ. ಆಗಲೇ ಸಹಾಯ ಪಡೆಯಿರಿ.

ಬೆಂಕಿಗೆ ಎಣ್ಣೆ ಸುರಿಯುವವು

ಮೊದಲನೆಯದು ಕುಡಿತ. ಈಗಷ್ಟೇ ಹೇಳಿದ ಬ್ರೇಕ್ ಇದೆಯಲ್ಲ, ಮದ್ಯ ಹೋಗಿ ಕೂರುವುದು ಅದರ ಮೇಲೆಯೇ. ಎರಡನೆಯದು ನಿದ್ದೆಗೆಡುವುದು. ರಾತ್ರಿ ಎರಡರ ತನಕ ಮೊಬೈಲ್ ಹಿಡಿದು, ಬೆಳಿಗ್ಗೆ ಕಿರಿಕಿರಿ ಅಂದರೆ ಅದು ಯಾವ ವಂಶವಾಹಿಯ ತಪ್ಪು? ಮೂರನೆಯದು ಜಿಮ್ಮಿನಲ್ಲಿ ಕದ್ದುಮುಚ್ಚಿ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು. ಇವು ಟೆಸ್ಟೊಸ್ಟೆರೋನಿನ ಜಾತಿಯ ಔಷಧಗಳು. ತೋಳು ಬೇಗ ಉಬ್ಬುತ್ತದೆ ನಿಜ. ಆದರೆ ಕೆಲವರಲ್ಲಿ ಸಿಡುಕು, ಕೋಪ ಹೆಚ್ಚುತ್ತದೆ. ಹೃದಯ, ಯಕೃತ್ತಿಗೆ ಪೆಟ್ಟು ಬೀಳುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ, ನಿಲ್ಲಿಸಿದಾಗ ಖಿನ್ನತೆ ಬರಬಹುದು. ನಾಲ್ಕನೆಯದು, ಕೋಪವನ್ನು ದಿಂಬಿಗೆ ಹೊಡೆದು ತೀರಿಸಿಕೊಳ್ಳಬಹುದು ಅನ್ನುವ ನಂಬಿಕೆ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸಿಟ್ಟು ಬರಿಸಿದವನನ್ನೇ ನೆನೆಯುತ್ತಾ ಚೀಲಕ್ಕೆ ಗುದ್ದಿದವರ ಸಿಟ್ಟು, ಸುಮ್ಮನೆ ಕುಳಿತವರ ಸಿಟ್ಟಿಗಿಂತ ಹೆಚ್ಚಾಗಿಯೇ ಉಳಿಯಿತು.

ಹಾಗಾದರೆ ಏನು ಮಾಡೋಣ?

ಬೀಜ ಬದಲಿಸಲು ಆಗದು, ನೆಲ ಹದಮಾಡಲು ಆಗುತ್ತದೆ ಅನ್ನುವುದಕ್ಕೆ ಸಾಕ್ಷಿ ಇದೆ. ಅಮೆರಿಕದ ಎಲ್ಮೈರಾ ಎಂಬ ಊರಿನಲ್ಲಿ ಬಡ, ಒಂಟಿ ಗರ್ಭಿಣಿಯರ ಮನೆಗೆ ನರ್ಸುಗಳು ಹೋಗಿ, ಮಗುವಿಗೆ ಎರಡು ವರ್ಷ ಆಗುವ ತನಕ ಆರೈಕೆ ಹೇಳಿಕೊಟ್ಟರು. ಹದಿನೈದು ವರ್ಷಗಳ ನಂತರ ನೋಡಿದಾಗ, ಆ ಮಕ್ಕಳು ಪೊಲೀಸರ ಕೈಗೆ ಸಿಕ್ಕಿದ್ದು ಬೇರೆ ಮಕ್ಕಳಿಗಿಂತ ಕಡಿಮೆ. ನಮ್ಮ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮನೆ ಭೇಟಿಯ ಬೆಲೆ ಏನು ಅಂತ ಇದರಿಂದ ತಿಳಿಯಬೇಕು.

‘ಇಪ್ಪತ್ತು ವರ್ಷ ಆಗಿಹೋಯ್ತಲ್ಲ, ಇನ್ನೇನು?’ ಅನ್ನಬೇಡಿ. ಷಿಕಾಗೋದ ಶಾಲೆಗಳಲ್ಲಿ ಹರೆಯದ ಹುಡುಗರಿಗೆ ಒಂದು ತರಬೇತಿ ಇದೆ. ಮೊದಲ ದಿನ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಒಬ್ಬನ ಮುಷ್ಟಿಯಲ್ಲಿ ಚೆಂಡು. ಇನ್ನೊಬ್ಬ ಅರ್ಧ ನಿಮಿಷದೊಳಗೆ ಅದನ್ನು ಪಡೆಯಬೇಕು. ಎಲ್ಲರೂ ಗುದ್ದಾಡುತ್ತಾರೆ, ಬೆರಳು ತಿರುಚುತ್ತಾರೆ. ಆಮೇಲೆ ಗುರು ಕೇಳುತ್ತಾನೆ, ‘ನಿಮ್ಮಲ್ಲಿ ಒಬ್ಬನಾದರೂ ಬಾಯಿಬಿಟ್ಟು ಕೇಳಿದಿರಾ, ಚೆಂಡು ಕೊಡ್ತೀಯಾ ಅಂತ?’ ಇಂಥ ಅಭ್ಯಾಸ ಪಡೆದ ಹುಡುಗರು ಹಿಂಸೆಯ ಪ್ರಕರಣಗಳಲ್ಲಿ ಬಂಧನಕ್ಕೆ ಒಳಗಾಗುವುದು ತರಬೇತಿಯ ಕಾಲದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ತರಬೇತಿ ಮುಗಿದ ಮೇಲೆ ಈ ಲಾಭ ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ ಅನ್ನುವುದನ್ನೂ ಹೇಳಬೇಕು. ಅಂದರೆ ಒಂದು ದಿನದ ಶಿಬಿರ ಸಾಲದು. ದಿನಾ ಅಭ್ಯಾಸ ಬೇಕು.

ತಂದೆ ತಾಯಂದಿರಿಗೆ:
• ‘ಅಪ್ಪನ ಹಾಗೇ’, ‘ಮಾವನ ಹಾಗೇ’ ಅನ್ನುವ ಮಾತನ್ನು ಇವತ್ತೇ ಬಿಡಿ. ಮಾಡಿದ ತಪ್ಪನ್ನು ಹೇಳಿ, ಹುಟ್ಟನ್ನು ಹಳಿಯಬೇಡಿ.
• ಹೊಡೆದು ‘ಹೊಡೆಯಬೇಡ’ ಅಂತ ಕಲಿಸಲು ಆಗದು.
• ಸಿಟ್ಟು ಏರಿದಾಗ ವಾದ ಬೇಡ. ಇಳಿದ ಮೇಲೆ ಕೂರಿಸಿ ಮಾತಾಡಿ.
• ತಣ್ಣಗಾದ ಮೇಲೆ ಅವನು ಕ್ಷಮೆ ಕೇಳಿದರೆ ಕೇಳಿಸಿಕೊಳ್ಳಿ. ಆದರೆ ಒಡೆದ ತಟ್ಟೆಯನ್ನು ಅವನೇ ಗುಡಿಸಲಿ.

ಯುವಜನರಿಗೆ:
• ಎದೆ ಬಡಿತ ಏರುವುದು, ದವಡೆ ಬಿಗಿಯುವುದು, ಕಿವಿ ಬಿಸಿಯಾಗುವುದು ಎಚ್ಚರಿಕೆಯ ಗಂಟೆ. ಆಗಲೇ ಜಾಗ ಬಿಟ್ಟು ಹೊರಗೆ ನಡೆಯಿರಿ. ಅದು ಸೋಲಲ್ಲ.
• ಆ ಹೊತ್ತಿನಲ್ಲಿ ಫೋನಿನಲ್ಲಿ ಏನೂ ಬರೆದು ಕಳಿಸಬೇಡಿ, ಗಾಡಿ ಹತ್ತಬೇಡಿ.
• ‘ನನ್ನ ಕೈಯಲ್ಲಿ ಇರಲ್ಲ’ ಅನ್ನುವವರು ಒಂದು ಪ್ರಶ್ನೆ ಕೇಳಿಕೊಳ್ಳಿ: ಕೆಲಸದ ಯಜಮಾನ ಬೈದಾಗ ಕೈ ಎತ್ತದವನು ಮನೆಗೆ ಬಂದು ಅಮ್ಮನ ಮೇಲೆ ಯಾಕೆ ಎತ್ತಿದೆ? ಅಲ್ಲಿ ನಿಂತ ಕೈ ಇಲ್ಲೂ ನಿಲ್ಲುತ್ತದೆ.

ಏಟು ತಿನ್ನುತ್ತಿರುವವರಿಗೆ:
• ಕಾರಣ ಅರ್ಥವಾಯಿತು ಅಂತ ಏಟನ್ನು ಸಹಿಸಬೇಕಾಗಿಲ್ಲ. ಕಾರಣ ಬೇರೆ, ಕ್ಷಮೆ ಬೇರೆ.
• 2005ರ ಕೌಟುಂಬಿಕ ಹಿಂಸೆಯ ಕಾಯ್ದೆ ಹೆಂಡತಿಗೆ ಮಾತ್ರ ಅಲ್ಲ, ಮಗನಿಂದ ಏಟು ತಿನ್ನುವ ತಾಯಿಗೂ ಇದೆ. ಸಂರಕ್ಷಣಾಧಿಕಾರಿಗಳನ್ನು ಕಾಣಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112.
• ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ ಎಂಬ ಉಚಿತ ಸಹಾಯವಾಣಿ 2022ರಲ್ಲಿ ಶುರುವಾಗಿದೆ. ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು. ಸಿಟ್ಟಿನ ಹಿಂದೆ ಖಿನ್ನತೆ, ಕುಡಿತದ ಚಟ, ತಲೆಗಾದ ಹಳೆಯ ಪೆಟ್ಟು ಇಂಥವು ಇರಬಹುದು. ಅವಕ್ಕೆ ಚಿಕಿತ್ಸೆ ಇದೆ.

ಆ ತಾಯಿಗೆ ನಾವು ಹೇಳಿದ್ದು

ಇಷ್ಟೆಲ್ಲ ತಿಳಿದುಕೊಂಡು ನಾವು ಮತ್ತೆ ಆ ಮನೆಗೆ ಹೋದೆವು. ಪ್ಲಾಸ್ಟರ್ ತೆಗೆದಿದ್ದರು. ತಾಯಿಗೆ ಹೇಳಿದೆವು: ‘ಅಪ್ಪನಿಂದ ಅವನಿಗೆ ಬಂದದ್ದು ರಕ್ತ ಒಂದೇ ಅಲ್ಲಮ್ಮ. ಹದಿನಾಲ್ಕು ವರ್ಷ ಅವನು ಕಣ್ಣಾರೆ ನೋಡಿದ್ದೂ ಬಂದಿದೆ, ಮೈಯಾರೆ ತಿಂದದ್ದೂ ಬಂದಿದೆ. ರಕ್ತವನ್ನು ತೆಗೆಯಲು ಆಗದು. ಕಲಿತದ್ದನ್ನು ಬಿಡಿಸಲು ಆಗುತ್ತದೆ.’ ಮಗನಿಗೂ ಹೇಳಿದೆವು: ‘ಚಿಕ್ಕವನಾಗಿದ್ದಾಗ ನೀನು ತಿಂದ ಏಟು ನಿನ್ನ ತಪ್ಪಲ್ಲ. ಈಗ ನೀನು ಕೊಟ್ಟ ಏಟು ನಿನ್ನದೇ.’ ಅವನು ತಲೆ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ, ‘ಅಪ್ಪ ಹೊಡೆಯುವಾಗ ನಾನು ಅಮ್ಮನ ಹಿಂದೆ ಅಡಗ್ತಿದ್ದೆ’ ಅಂದ. ಅಷ್ಟೇ.

ಎಲ್ಲ ಸರಿಹೋಯಿತು ಅಂತ ನಾವು ಹೇಳುವುದಿಲ್ಲ. ಆಪ್ತ ಸಲಹೆಗೆ ಮೂರು ಸಲ ಬಂದಿದ್ದಾನೆ, ಒಂದು ಸಲ ತಪ್ಪಿಸಿದ್ದಾನೆ. ಒಂದು ರಾತ್ರಿ ಬಾಗಿಲು ದಡಾರನೆ ಹಾಕಿ ಹೊರಗೆ ಹೋದನಂತೆ. ತಾಯಿ ಅದನ್ನು ದೂರು ಅಂತ ಹೇಳಲಿಲ್ಲ. ‘ಹೊರಗೆ ಹೋದ’ ಅಂತ ಹೇಳಿದರು. ಕೈ ಎತ್ತುವ ಬದಲು ಹೊರಗೆ ಹೋದ. ಆ ಮನೆಯಲ್ಲಿ ಹಾಗೆ ಹೊರಗೆ ಹೋದ ಮೊದಲ ಗಂಡಸು ಅವನು.

ನಮ್ಮ ನಮ್ಮ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆಯುತ್ತೇವೆ, ಸಾಲದ ಲೆಕ್ಕ ಬರೆಯುತ್ತೇವೆ. ಈ ವಾರ ಅದರ ಜೊತೆಗೆ ಒಂದು ಮಾತೂ ಆಡೋಣ. ನಮ್ಮ ಬೀದಿಯಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಅನ್ನುವವರು ಯಾರಿದ್ದಾರೆ? ‘ಇವನ ರಕ್ತವೇ ಅಂಥದ್ದು’ ಅಂತ ನಾವು ಕೈಬಿಟ್ಟ ಹುಡುಗ ಯಾರು? ಅವರ ಬಾಗಿಲು ತಟ್ಟೋಣ.